ಆರ್ಡರ್ ಕಡಿಮೆಯಾದಾಗಲೇ ಹೊಸದಕ್ಕೆ ಕೈಹಾಕು

ಪ್ರೀತಿಯ ಗೆಳೆಯಾ,

ನಿನ್ನ ಪಾರ್ಟ್ ತಯಾರಿಸುವ ಘಟಕಕ್ಕೆ ಆರ್ಡರ್ ಕಡಿಮೆಯಾಗಿದೆ, ಈ ವರ್ಷ ಹೊಸದೇನೂ ಬೇಡ, ಇರೋದನ್ನ ಉಳಿಸಿಕೊಂಡರೆ ಸಾಕು ಅಂತ ಬರೆದಿದ್ದೀಯ. ಸಾಲ ನಿನ್ನ ಹೆಸರಲ್ಲಿದೆ, ತಿಂಗಳ ಸಂಬಳ ಕೊಡಬೇಕಾದವನೂ ನೀನೇ. ನಿನ್ನ ಭಯ ಸುಳ್ಳಲ್ಲ. ಆದರೂ ಈ ತೀರ್ಮಾನ ನನಗೆ ಒಪ್ಪಿಗೆಯಾಗಲಿಲ್ಲ.

1989ರಲ್ಲಿ ಕೋವಿನ್ ಮತ್ತು ಸ್ಲೆವಿನ್ ಎಂಬ ಸಂಶೋಧಕರು ನಿನ್ನಂಥದ್ದೇ 161 ಸಣ್ಣ ತಯಾರಿಕಾ ಘಟಕಗಳನ್ನು ಅಧ್ಯಯನ ಮಾಡಿದರು. ಪೈಪೋಟಿ ಜೋರಾಗಿ, ಮಾರುಕಟ್ಟೆ ಬಿಗಿಯಾಗಿದ್ದ ಕಡೆ ಚೆನ್ನಾಗಿ ನಡೆದದ್ದು ಹೊಸದನ್ನು ಮಾಡಿ ನೋಡಿದವರ ಘಟಕಗಳು. ಇದ್ದಲ್ಲೇ ಇರುವ ದಾರಿ ಒಗ್ಗಿದ್ದು ಮಾರುಕಟ್ಟೆ ಸಲೀಸಾಗಿದ್ದವರಿಗೆ. ನಾವು ಸಾಮಾನ್ಯವಾಗಿ ಯೋಚಿಸುವುದಕ್ಕೆ ಪೂರಾ ಉಲ್ಟಾ, ಅಲ್ವಾ? ಯೋಚಿಸಿದರೆ ಕಾರಣ ಕಾಣುತ್ತದೆ. ಎಲ್ಲರೂ ಒಂದೇ ಮಾಲು ಮಾಡುವಾಗ ಗಿರಾಕಿ ಕೇಳುವುದು ರೇಟು ಮಾತ್ರ. ರೇಟಿನ ಜಗಳದಲ್ಲಿ ದೊಡ್ಡವರ ಮುಂದೆ ಸಣ್ಣವರು ಎಷ್ಟು ದಿನ ನಿಲ್ಲಬಹುದು?

ಹಾಗಂತ ಸಾಲ ಮಾಡಿ ದೊಡ್ಡ ಮೆಷಿನ್ ತಂದು ಹಾಕು ಅಂತ ನಾನು ಹೇಳುತ್ತಿಲ್ಲ. ಡ್ಯಾನಿ ಮಿಲ್ಲರ್ ಎಂಬ ಸಂಶೋಧಕರು 1983ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಹೊಸತನ, ಬೇರೆಯವರಿಗಿಂತ ಮೊದಲು ಹೆಜ್ಜೆ ಇಡುವುದು, ರಿಸ್ಕ್ ತೆಗೆದುಕೊಳ್ಳುವುದು, ಮೂರೂ ಕೂಡಿದರೇನೇ ಅದು ಉದ್ಯಮಶೀಲತೆ. ಬರೀ ಸಾಲ ಜಾಸ್ತಿ ಮಾಡಿದ ಮಾತ್ರಕ್ಕೆ ಯಾರೂ ಉದ್ಯಮಶೀಲರಾಗುವುದಿಲ್ಲ. ಈ ಮೂರರಲ್ಲಿ ನಿನಗೆ ಮೊದಲು ಬೇಕಾದದ್ದು ಎರಡನೆಯದು ಅಂತ ನನಗನ್ನಿಸುತ್ತದೆ. ಅದಕ್ಕೆ ಖರ್ಚೂ ಕಡಿಮೆ. ನಿನ್ನ ಹಳೆಯ ಗಿರಾಕಿಗಳ ಹತ್ತಿರ ಹೋಗಿ, ಯಾವ ಪಾರ್ಟ್ ಪದೇ ಪದೇ ಕೈಕೊಡುತ್ತಿದೆ ಅಂತ ಕೇಳು. ಅವರು ಡ್ರಾಯಿಂಗ್ ಕಳಿಸುವವರೆಗೆ ಕಾಯಬೇಡ. ನೀನೇ ಒಂದು ಸ್ಯಾಂಪಲ್ ಮಾಡಿ ಮುಂದಿಡು. ಇದಕ್ಕೆ ಇಷ್ಟೇ ಹಣ, ಇಷ್ಟೇ ಸಮಯ ಅಂತ ಮೊದಲೇ ಗೆರೆ ಎಳೆದುಕೋ.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಅದೇ 1989ರ ಅಧ್ಯಯನದಲ್ಲಿ, ಕಷ್ಟದ ಮಾರುಕಟ್ಟೆಯಲ್ಲಿ ಗೆದ್ದ ಘಟಕಗಳ ಒಳಗಿನ ವ್ಯವಸ್ಥೆಯೂ ಸಡಿಲವಾಗಿತ್ತು. ಮಾಲೀಕನ ಅಪ್ಪಣೆಗೆ ಕಾಯದೆ ಕೆಲಸ ಗೊತ್ತಿದ್ದವರು ತೀರ್ಮಾನ ಮಾಡಬಹುದಿತ್ತು. ನಿನ್ನಲ್ಲಿ ಎಲ್ಲವೂ ನಿನ್ನ ಟೇಬಲ್ಲಿಗೇ ಬರಬೇಕು. ಲೇತ್ ಮುಂದೆ ವರ್ಷಗಟ್ಟಲೆ ನಿಂತವರಿಗೆ ಎಷ್ಟು ಐಡಿಯಾಗಳಿರುತ್ತವೆ! ಅವರನ್ನು ಕೇಳು, ಮಾಡಿ ನೋಡಲು ಬಿಡು.

ಫಲ ಖಚಿತ ಅಂತ ಮಾತ್ರ ಹೇಳಲಾರೆ. 2009ರಲ್ಲಿ 51 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಈ ಉದ್ಯಮಶೀಲ ಮನೋಭಾವಕ್ಕೂ ಘಟಕದ ಸಾಧನೆಗೂ ಇರುವ ಸಂಬಂಧ ಸುಮಾರು 0.24 ಅಂತ ಬಂತು (ಈ ಅಳತೆಯಲ್ಲಿ 0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). ನಂಟು ಇದೆ, ಆದರೆ ಸಾಧಾರಣದ್ದು. ಮಾಲಿನ ಗುಣಮಟ್ಟ, ಕೈಯಲ್ಲಿರುವ ಹಣ, ಬಾಕಿ ವಸೂಲಿ ಇವೆಲ್ಲ ನೀನೇ ನೋಡಿಕೊಳ್ಳಬೇಕು.

ಯಾವ ಗಿರಾಕಿಯನ್ನು ಮೊದಲು ಕೇಳುತ್ತೀಯ ಅಂತ ಬರೆ. ಸ್ಯಾಂಪಲ್ಲಿನ ಖರ್ಚಿನ ಲೆಕ್ಕ ಕೂತು ಹಾಕೋಣ.

ನಿನ್ನ ಗೆಳೆಯ