ಮಗಳಿಗೊಂದು ಪತ್ರ: ಸಹಿ ಹಾಕುವ ಮುನ್ನ

ಬಸವನಗುಡಿ

ಪ್ರೀತಿಯ ಪುಟ್ಟಿ,

ನಮ್ಮ ಈ ಹಳೆಯ ಮನೆ ಕೆಡವಿ ಫ್ಲಾಟು ಕಟ್ಟಿ ಪಾಲು ಹಂಚಿಕೊಳ್ಳಲು ಬಿಲ್ಡರ್ ಕಳಿಸಿದ ಜಂಟಿ ಅಭಿವೃದ್ಧಿ ಕರಾರಿಗೆ ನಿನ್ನ ಅಣ್ಣ ಸಹಿ ಹಾಕಿ ಹೋಗಿದ್ದಾನೆ. ಇನ್ನು ಉಳಿದಿರುವುದು ನಿನ್ನದು, ನನ್ನದು. "ಬೆಲೆ ಇರುವುದು ಜಾಗಕ್ಕೆ ಅಮ್ಮ, ಆ ಹಳೆಯ ಇಟ್ಟಿಗೆಗೆ ಏನಿದೆ?" ಎಂದು ಮೊನ್ನೆ ನೀನು ಫೋನಿನಲ್ಲಿ ಕೇಳಿದಾಗ ನಾನು ದನಿ ಏರಿಸಿಬಿಟ್ಟೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ ಕಂದ. ಆದರೆ ಪ್ರಶ್ನೆಗೆ ಉತ್ತರ ಕೊಡದೆ ನನಗೆ ಸಮಾಧಾನವಿಲ್ಲ.

ಈ ಮನೆಯಲ್ಲಿ ಯಾರು ಹುಟ್ಟಿದರು, ಯಾರ ಮದುವೆಗೆ ಚಪ್ಪರ ಹಾಕಿದರು ಎಂಬುದೆಲ್ಲ ನಿನಗೆ ಗೊತ್ತೇ ಇದೆ. ಪಕ್ಕದ ಮನೆ ಕೆಡವಿದಾಗ ಮಾತ್ರ ನೀನು ಊರಲ್ಲಿರಲಿಲ್ಲ.

ಜೆಸಿಬಿಗಿಂತ ಮೊದಲು ಬಂದವರು ಹಳೆಯ ಸಾಮಾನು ಕೊಳ್ಳುವವರು. ಕಿಟಕಿಗಳ ಮೇಲೆ ಚಾಚಿದ ಮರದ ಸೂರುಗಳಾದ ಮಂಕಿ ಟಾಪ್‌ಗಳನ್ನು ಕಿತ್ತು ಗೋಡೆಗೆ ಒರಗಿಸಿದರು. ಮಂಗಳೂರು ಹೆಂಚುಗಳನ್ನು ಇಳಿಸಿ ಅಂಗಳದಲ್ಲಿ ಪೇರಿಸಿದರು; ಒಂದನ್ನು ತಿರುಗಿಸಿ ನೋಡಿದೆ, ಹೆಂಚಿನ ಕಾರ್ಖಾನೆ ನಡೆಸುತ್ತಿದ್ದ ಬಾಸೆಲ್ ಮಿಷನ್ನಿನ ಹೆಸರು ಅಚ್ಚಾಗಿತ್ತು. ಆಮೇಲೆ ತಾರಸಿ. ನಮ್ಮ ನಡುಮನೆಯ ಮೇಲಿರುವಂಥದ್ದೇ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಾರೆ ಸುರಿದು ಬಡಿದು ಗಟ್ಟಿ ಮಾಡಿದ್ದು. ಕೊನೆಗೆ ಗೋಡೆ. ಒಬ್ಬ ಹೆಂಗಸು ಕುಕ್ಕರುಗಾಲಿನಲ್ಲಿ ಕುಳಿತು ಕರಣೆಯಿಂದ ಮೆಲ್ಲಗೆ ತಟ್ಟುತ್ತಿದ್ದಳು. ಗಾರೆ ಪುಡಿಯಾಗಿ ಉದುರುತ್ತಿತ್ತು, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತಿತ್ತು. ಸಿಮೆಂಟಿನ ಗೋಡೆಯಾಗಿದ್ದರೆ ಇಟ್ಟಿಗೆಯೇ ಒಡೆಯುತ್ತಿತ್ತು. ನಾನು ಕಾಂಪೌಂಡಿನ ಈಚೆ ನಿಂತು ಮಧ್ಯಾಹ್ನದವರೆಗೂ ನೋಡಿದೆ, ಒಲೆಯ ಮೇಲಿನ ಬೇಳೆಯ ನೆನಪೂ ಇರಲಿಲ್ಲ. ಎಷ್ಟೊಂದು ಮಳೆಗಾಲ ಕಂಡ ಇಟ್ಟಿಗೆ, ಅಂಚು ಕೂಡ ಮುಕ್ಕಾಗಿರಲಿಲ್ಲ! ಸಾವಿರಕ್ಕೆ ಇಷ್ಟು ಎಂದು ಚೌಕಾಸಿ ಮಾಡಿ ಲಾರಿಗೆ ತುಂಬಿಸಿದರು. ಶಿಥಿಲವಾಗಿದೆ ಎಂದು ಕೆಡವಿದ ಮನೆ ಅದು. ನಿಂತಿದ್ದಾಗ ಬೆಲೆಯಿಲ್ಲದ ಇಟ್ಟಿಗೆಗೆ ಬಿದ್ದ ಮೇಲೆ ಬೆಲೆ ಎಲ್ಲಿಂದ ಬಂತು, ಹೇಳು? ರಾತ್ರಿ ನಿದ್ದೆ ಬಾರದಿದ್ದರೆ ಈಗಲೂ ಆ ಕರಣೆಯ ಸದ್ದೇ ಕಿವಿಯಲ್ಲಿರುತ್ತದೆ. ಮುಂದಿನ ಸಲ ಅವಳು ಕೂರುವುದು ನಮ್ಮ ಜಗಲಿಯ ಮೇಲೆ ಎನಿಸುತ್ತದೆ.

ನಮ್ಮ ಪಡುವಣ ಗೋಡೆಯ ತೇವ ತೋರಿಸಿ ಬಿಲ್ಡರ್ ನಿಮ್ಮಿಬ್ಬರನ್ನೂ ಹೆದರಿಸಿದ್ದಾನೆ. ಸುಣ್ಣದ ಗೋಡೆ ತೇವ ಹೀರುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮೆತ್ತಿದರೆ ನೀರು ಒಳಗೇ ಉಳಿಯುತ್ತದೆ. ತೇವ ಇರುವುದು ಸಿಮೆಂಟ್ ಹಾಕಿದ ಆ ಒಂದು ಕಡೆ ಮಾತ್ರ, ಗಮನಿಸಿದ್ದೀಯಾ? ಸೇತುವೆಗಳ ಲೆಕ್ಕ ಹಾಕುವವಳಿಗೆ ನಾನು ಪಾಠ ಹೇಳುತ್ತಿದ್ದೇನೆ. ಈ ಮನೆತನದಲ್ಲಿ ಎಂಜಿನಿಯರಾದ ಮೊದಲ ಹೆಣ್ಣು ನೀನು, ಬಂದವರಿಗೆಲ್ಲ ಹೇಳಿಕೊಳ್ಳುತ್ತೇನೆ. ಅಂಥವಳು ಬಿಲ್ಡರ್ ಬಾಯಿಮಾತಿಗೆ ತಲೆಯಾಡಿಸಿದಳಲ್ಲ ಎಂಬುದೇ ನನ್ನ ಸಂಕಟ.

ಇನ್ನೊಂದು ಮಾತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನ ಗಲ್ಲಿಗಳಿಂದ ಜನ ಜೀವ ಹಿಡಿದುಕೊಂಡು ಹೊರಬಂದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿ. ಅಗಲವಾದ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಕಕ್ಕಸು ಬಳಿಯುವವರು ಬಂದು ಹೋಗಲು ಹಿಂದೊಂದು ಕನ್ಸರ್ವೆನ್ಸಿ ಓಣಿ, ಬಿಸಿಗಾಳಿ ಹೊರಹೋಗಲು ಸೂರಿನ ಕೆಳಗೆ ವೆಂಟಿಲೇಟರು. ಸಾವು ಕಲಿಸಿದ ಪಾಠ ಈ ಮನೆಯ ನಕ್ಷೆಯಲ್ಲಿದೆ. ಆ ಓಣಿಯಲ್ಲಿ ಹೊಲಸು ಹೊತ್ತವರ ಪಾಡೂ ಆ ನಕ್ಷೆಯಲ್ಲಿದೆ, ಅದನ್ನೂ ಮರೆಯಬಾರದು. ಕೊರೊನಾ ಕಾಲದಲ್ಲಿ ನಿನ್ನ ಫ್ಲಾಟಿನೊಳಗೆ ಉಸಿರುಗಟ್ಟುತ್ತಿದೆ ಎಂದು ಅತ್ತವಳು ನೀನೇ. 1961ರ ಸ್ಮಾರಕಗಳ ಕಾಯ್ದೆ ಕಾಯುವುದು ಸರ್ಕಾರ ಸಂರಕ್ಷಿತವೆಂದು ಘೋಷಿಸಿದವನ್ನು. ನಮ್ಮ ಮನೆ ಆ ಪಟ್ಟಿಯಲ್ಲಿಲ್ಲ. ನಾವಿಬ್ಬರೂ ಸಹಿ ಹಾಕದೆ ಇರುವುದೊಂದನ್ನು ಬಿಟ್ಟರೆ ಇದನ್ನು ಕಾಯಲು ಬೇರೇನೂ ಇಲ್ಲ.

ನಿನ್ನ ಮನೆ ಸಾಲದ ಕಂತು ನನಗೆ ತಿಳಿಯದ್ದೇನಲ್ಲ. ತಿಂಗಳ ಕೊನೆಯಲ್ಲಿ ನಿನ್ನ ದನಿ ಸಣ್ಣಗಾಗುವುದು ಗೊತ್ತಾಗುತ್ತದೆ. ನಿನ್ನ ಪಾಲು ಬಿಟ್ಟುಕೊಡು ಎನ್ನಲಾರೆ. ಮಲ್ಲೇಶ್ವರದ ಹಳೆಯ ಬಂಗಲೆ ವಿಲ್ಲಾ ಪೊಟ್ಟಿಪಾಟಿ ಹೋಟೆಲಾಗಿ ನಡೆದದ್ದುಂಟು; ನಮ್ಮ ಮುಂಭಾಗವನ್ನೂ ಒಳ್ಳೆಯ ಬಾಡಿಗೆಗೆ ಕೊಡಬಹುದು. ಲೆಕ್ಕ ಹಾಕಿ ನೋಡು. ಹಾಗೆಯೇ ರಾತ್ರಿ ಊಟ ಬಿಡಬೇಡ.

ಯುಗಾದಿಗೆ ಬರುವಾಗ ರಜೆ ಸ್ವಲ್ಪ ಹೆಚ್ಚು ಹಾಕು. ಸುಣ್ಣದ ಕೆಲಸ ಬಲ್ಲ ಆರ್ಕಿಟೆಕ್ಟ್ ಒಬ್ಬರನ್ನು ಕರೆಸುತ್ತೇನೆ. ಅವರ ಜೊತೆ ನೀನೇ ಏಣಿ ಹತ್ತಿ ತೊಲೆಗಳ ತುದಿಗೆ ಗೆದ್ದಲು ಹಿಡಿದಿದೆಯೇ ನೋಡು. ಮನೆ ನಿಲ್ಲುವುದಿಲ್ಲ ಎಂದು ನಿನ್ನ ಬಾಯಿಂದ ಬಂದರೆ ನಾನು ಸಹಿ ಹಾಕುತ್ತೇನೆ. ಅಲ್ಲಿಯವರೆಗೆ ಕರಾರಿನ ಕಾಗದ ನನ್ನ ಬೀರುವಿನಲ್ಲಿರುತ್ತದೆ, ಅಣ್ಣನಿಗೂ ಹೇಳಿದ್ದೇನೆ.

ಆಶೀರ್ವಾದಗಳೊಂದಿಗೆ,
ಅಮ್ಮ