ಭಾನುವಾರದ ಕ್ಲಾಸ್: ಬುದ್ಧಿಶಕ್ತಿ, ಭಾವನಾತ್ಮಕ ಆರೋಗ್ಯ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಸಂಜೆ 7ಕ್ಕೆ ಗೂಗಲ್ ಮೀಟ್‌ನಲ್ಲಿ ಮನೋವಿಜ್ಞಾನದ ಕ್ಲಾಸ್ ಇದೆ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯುವವರು, ಪೇಪರ್ 1 ಇರಲಿ 2 ಇರಲಿ, ತಪ್ಪಿಸಬೇಡಿ. ಶಿಶು ವಿಕಾಸದ 30 ಅಂಕ ಎರಡಕ್ಕೂ ಇದೆ.

ಹೋದ ಟೆಸ್ಟ್‌ನಲ್ಲಿ ಐಕ್ಯೂ (ಬುದ್ಧಿಶಕ್ತಿಯ ಅಳತೆ) ಲೆಕ್ಕ ತುಂಬಾ ಜನಕ್ಕೆ ಕೈಕೊಟ್ಟಿದೆ. ಸೂತ್ರ ಎಲ್ಲರಿಗೂ ಬಾಯಿಪಾಠ: ಮಾನಸಿಕ ವಯಸ್ಸು ÷ ದೈಹಿಕ ವಯಸ್ಸು × 100. ಎಡವಟ್ಟಾಗೋದು ತಿಂಗಳಲ್ಲಿ. 9 ವರ್ಷ 6 ತಿಂಗಳನ್ನು 9.6 ಅಂತ, 7 ವರ್ಷ 11 ತಿಂಗಳನ್ನು 7.11 ಅಂತ ಬರೆದರೆ ಉತ್ತರ 135 ಬರುತ್ತೆ. ಮೊದಲು ಎರಡನ್ನೂ ತಿಂಗಳಿಗೆ ಇಳಿಸಿ: 114 ÷ 95 × 100 = 120. ಆಯ್ಕೆಗಳಲ್ಲಿ 135 ಕೂಡ ಇಟ್ಟಿರ್ತಾರೆ, ಹುಷಾರು!

ಈಗಿನ ವೆಕ್ಸ್ಲರ್ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಈ ಭಾಗಾಕಾರವೇ ಇಲ್ಲ. ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿ ಅಂಕ ಕೊಡ್ತಾರೆ. ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನೋ ಅಳತೆ) 15.

ಭಾವನಾತ್ಮಕ ಬುದ್ಧಿಶಕ್ತಿಗೆ (ತನ್ನ, ಇತರರ ಭಾವನೆಗಳನ್ನು ಅರಿತು ನಡೆಯೋ ಶಕ್ತಿ) ಮನೋವಿಜ್ಞಾನಿಗಳಾದ ಸಲೋವೆ, ಮೇಯರ್ (1990) ಓದಿಕೊಳ್ಳಿ. ಗಾರ್ಡ್ನರ್ (1983) ಬಹುಬುದ್ಧಿಶಕ್ತಿ (ಬುದ್ಧಿಶಕ್ತಿ ಒಂದೇ ಅಲ್ಲ, ಹಲವು ಬಗೆ ಅನ್ನೋ ಸಿದ್ಧಾಂತ) ಜೊತೆ ಕಲಸಬೇಡಿ. ಭಯ, ನಿದ್ದೆಗೇಡು ಇರುವ ಮಗು ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದರೆ ಅದನ್ನೇ ದಡ್ಡತನ ಅನ್ನೋ ಹಾಗಿಲ್ಲ; ಇದರ ಮೇಲೆ ಸನ್ನಿವೇಶದ ಪ್ರಶ್ನೆಗಳನ್ನು ಬಿಡಿಸೋಣ.

ನೋಟ್ಸ್, ಪೆನ್ನು ಇಟ್ಟುಕೊಂಡು 5 ನಿಮಿಷ ಮೊದಲೇ ಸೇರಿ, ಮೈಕ್ ಮ್ಯೂಟ್ ಇರಲಿ. ಬರುವವರು ಶುಕ್ರವಾರ ರಾತ್ರಿಯೊಳಗೆ 👍 ಹಾಕಿ. ಡೌಟ್ ಇದ್ದರೆ ಇಲ್ಲೇ ಬರೆಯಿರಿ. ಗುಡ್ ಮಾರ್ನಿಂಗ್ ಫೋಟೊಗಳು ಮಾತ್ರ ಎರಡು ದಿನ ಬೇಡ, ಡೌಟ್‌ಗಳೆಲ್ಲ ಮೇಲೆ ಹೋಗಿಬಿಡುತ್ತವೆ.