ಕಾಡುಕೋಳಿಗೆ ಸ್ವಲ್ಪ ದರಕು ಬಿಡಿ

ಮಾನ್ಯ ಸಂಪಾದಕರೇ,

ಕಾಡುಕೋಳಿ ಕಡಿಮೆಯಾಯ್ತು ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ಕೋವಿ, ಉರುಳಿನ ಮಾತೆತ್ತುತ್ತಾರೆ. ಕದ್ದು ಹೊಡೆಯುವವರು ಈಗಲೂ ಇದ್ದಾರೆ, ಅವರನ್ನು ಹಿಡಿಯಲೇಬೇಕು. ಆದರೆ ಶಿಕಾರಿ ನಿಂತ ಮಾತ್ರಕ್ಕೆ ಕೋಳಿ ಹೆಚ್ಚುವುದಿಲ್ಲ.

1972ರ ವನ್ಯಜೀವಿ ಕಾಯ್ದೆ ಬರುವ ಮೊದಲು ನಮ್ಮಪ್ಪ ಶಿಕಾರಿಗೆ ಹೋಗುತ್ತಿದ್ದರು. ಕೋವಿ ಹೆಗಲಿಗೇರಿಸುವ ಮೊದಲು ಕಾಡು ನೋಡಿ ಬರುತ್ತಿದ್ದರು. ಬಿದಿರು ಅಕ್ಕಿ ಬಿಟ್ಟಿದೆಯಾ, ಗದ್ದೆ ಅಂಚಿನ ಪೊದೆ ದಟ್ಟ ಇದೆಯಾ ಅಂತ. ಮಳೆ ಬಿದ್ದ ಮರುದಿನ ದರಕು (ಉದುರಿದ ಒಣ ಎಲೆ) ಒದ್ದೆ, ಹೆಜ್ಜೆ ಸದ್ದಾಗುವುದಿಲ್ಲ. ಬಿಸಿಲಿಗೆ ಗರಿಗರಿಯಾದ ದರಕು ತುಳಿದರೆ ಕೋಳಿ ದೂರದಲ್ಲೇ ಓಟ ಕೀಳುತ್ತದೆ. ಗುರಿ ಎಷ್ಟೇ ಚೆನ್ನಾಗಿದ್ದರೂ ಕಾಡು, ಹವೆ ಒಪ್ಪದಿದ್ದರೆ ಬರಿಗೈ.

ಬೇಟೆಗೆ ಪರವಾನಗಿ ಕೊಡುವ ಅಮೆರಿಕದ ಅರಿಝೋನಾದಲ್ಲೂ ಇದೇ ಕತೆ. ಅಲ್ಲಿನ ಮರುಭೂಮಿಯಲ್ಲಿ ಗ್ಯಾಂಬೆಲ್ಸ್ ಕ್ವೇಲ್ ಎಂಬ ಹಕ್ಕಿ ಇದೆ. ಚಳಿಗಾಲದ ಮಳೆ ಚೆನ್ನಾಗಿ ಬಿದ್ದರೆ ಹಸಿರು ಚಿಗುರಿ ಮರಿ ಜಾಸ್ತಿ. ಮುಂದಿನ ಬೇಟೆಯ ಕಾಲದಲ್ಲಿ ಸಿಗುವ ಹಕ್ಕಿಯೂ ಜಾಸ್ತಿ.

ನಮ್ಮ ಕಾಡುಕೋಳಿ ಹೆಚ್ಚಾಗಿ ಫೆಬ್ರವರಿಯಿಂದ ಮೇ ನಡುವೆ ನೆಲದ ಮೇಲೇ, ಪೊದೆ ಬುಡದ ದರಕಿನಲ್ಲಿ ಮೊಟ್ಟೆ ಇಡುತ್ತದೆ. ಕಾವು ಸುಮಾರು ಮೂರು ವಾರ. ಮರಿಗೆ ಬೇಕಾದ ಗೆದ್ದಲು, ಹುಳ ಸಿಗುವುದೂ ದರಕಿನ ಅಡಿಯಲ್ಲೇ. ಅದೇ ತಿಂಗಳುಗಳಲ್ಲಿ ಬೆಟ್ಟಕ್ಕೆ ಬೆಂಕಿ ಬೀಳುತ್ತದೆ. ಅಡಿಕೆ ಬೆಳೆಯುವ ನಾವೂ ಸೊಪ್ಪಿನ ಬೆಟ್ಟವನ್ನು (ತೋಟಕ್ಕೆ ಸೊಪ್ಪು, ದರಕು ತರುವ ಕಾಡನ್ನು) ಅಂಗಳದ ಹಾಗೆ ಗುಡಿಸುತ್ತೇವೆ. ಕೊಟ್ಟಿಗೆಗೆ, ಗೊಬ್ಬರಕ್ಕೆ ದರಕು ಬೇಕು, ನಿಜ. ಆದರೆ ಪೂರ್ತಿ ಬೇಕಾ? ಅಕೇಶಿಯಾ ತೋಪಿನಲ್ಲಂತೂ ಕೋಳಿ ಕೆದಕಿದ ಗುರುತು ನನ್ನ ಕಣ್ಣಿಗೆ ಬೀಳುವುದೇ ಅಪರೂಪ. ಎಲೆ ರಾಶಿ ಬಿದ್ದಿರುತ್ತದೆ, ಅಡಗಲು ಪೊದೆ ಇರುವುದಿಲ್ಲ.

ಮೇ ಕೊನೆಗೆ ಒಮ್ಮೆಲೇ ಜೋರು ಮಳೆ ಹೊಯ್ದರೆ ಸಣ್ಣ ಮರಿಗಳು ನೆಂದು ಚಳಿಗೆ ಸಾಯುತ್ತವೆ. ಪೊದೆ ಇದ್ದರೆ ತಾಯಿ ಕೆಲವನ್ನಾದರೂ ಉಳಿಸಿಕೊಳ್ಳುತ್ತದೆ. ಮಳೆ ನಮ್ಮ ಕೈಯಲ್ಲಿಲ್ಲ, ಪೊದೆ ಇದೆ ಅಲ್ವಾ?

ಅರಣ್ಯ ಇಲಾಖೆ ಬೆಂಕಿ ಹರಡದಂತೆ ಸವರುವ ಬೆಂಕಿರೇಖೆಯ ಕೆಲಸವನ್ನು ಜನವರಿಯೊಳಗೇ ಮುಗಿಸಲಿ. ಬೆಟ್ಟ ಇರುವ ರೈತರು ಹಳ್ಳದ ಬದಿಯಲ್ಲಿ ಒಂದು ಪಟ್ಟಿಯಷ್ಟು ಜಾಗದ ದರಕು, ಪೊದೆ ಎರಡನ್ನೂ ಮಳೆಗಾಲದವರೆಗೆ ಮುಟ್ಟದೆ ಬಿಡಿ. ನಮ್ಮ ಬೆಟ್ಟದಲ್ಲಿ ಹೀಗೆ ಬಿಟ್ಟಿದ್ದೇನೆ, ತೋಟಕ್ಕೇನೂ ಕೊರತೆಯಾಗಿಲ್ಲ. ಗ್ರಾಮ ಅರಣ್ಯ ಸಮಿತಿಗಳು ಬೇಸಿಗೆಗೆ ಮೊದಲೇ ಸಭೆ ಕರೆದು ಈ ಪಟ್ಟಿ ಎಲ್ಲಿರಬೇಕು ಅಂತ ಗುರುತು ಮಾಡಲಿ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು